ಪುಣೆಯ ಹದಿನಾಲ್ಕು ತಿಂಗಳ ಮೌನ

ಸರಣಿ ಕೊಲೆಗಾರರ ಬಗ್ಗೆ ನಮ್ಮ ಮಕ್ಕಳಿಗೆ ಈಗ ನಮಗಿಂತ ಜಾಸ್ತಿ ಗೊತ್ತು. ಮೊಬೈಲಿನಲ್ಲಿ ವೆಬ್ ಸೀರೀಸ್‌ಗಳಿವೆ, ಯೂಟ್ಯೂಬಿನಲ್ಲಿ ಹಿನ್ನೆಲೆ ಸಂಗೀತದ ಜೊತೆ ಅರ್ಧ ಗಂಟೆಯ ಕಥೆಗಳಿವೆ. ಅಮೆರಿಕದ ಹಂತಕರ ಹೆಸರುಗಳನ್ನು ಪಟಪಟ ಹೇಳುವ ಹುಡುಗರು ನನ್ನ ಕ್ಲಾಸಿನಲ್ಲೇ ಇದ್ದಾರೆ. ಅವರು ಕೇಳುವ ಪ್ರಶ್ನೆ ಮಾತ್ರ ಯಾವಾಗಲೂ ಒಂದೇ: "ಸರ್, ಇಂಥವರ ತಲೆಯೊಳಗೆ ಏನಿರುತ್ತೆ?"

ಈ ಪ್ರಶ್ನೆಯಲ್ಲೇ ಒಂದು ಉತ್ತರ ಅಡಗಿ ಕೂತಿದೆ. ಅವರ ತಲೆಯೊಳಗೆ ನಮ್ಮ ತಲೆಯಲ್ಲಿಲ್ಲದ ಏನೋ ಇರುತ್ತದೆ, ಅವರು ಬೇರೆ ಜಾತಿಯ ಪ್ರಾಣಿಗಳು ಎಂಬ ನಂಬಿಕೆ ಅದು. ಉರ್ದು ಪತ್ರಿಕೆಗಳು ಇಂಥವರನ್ನು 'ದರಿಂದಾ' ಅಂತ ಕರೆಯುತ್ತವೆ, ಅಂದರೆ ಹರಿದು ತಿನ್ನುವ ಕಾಡುಮೃಗ. ಕನ್ನಡ ಪತ್ರಿಕೆಗಳು 'ನರರಾಕ್ಷಸ' ಅನ್ನುತ್ತವೆ. ಎರಡೂ ಮಾತು ಒಂದೇ ಕೆಲಸ ಮಾಡುತ್ತವೆ. ಕೊಲೆಗಾರನನ್ನು ಮನುಷ್ಯರ ಪಟ್ಟಿಯಿಂದ ತೆಗೆದುಹಾಕುತ್ತವೆ. ಆಮೇಲೆ ನಾವು ನೆಮ್ಮದಿಯಾಗಿ ನಿದ್ದೆ ಮಾಡಬಹುದು.

ಆದರೆ ಇತಿಹಾಸ ಅಷ್ಟು ಸುಲಭವಾಗಿ ನಿದ್ದೆ ಮಾಡಲು ಬಿಡುವುದಿಲ್ಲ. ಅಮೆರಿಕದವರೆಗೆ ಹೋಗುವುದೂ ಬೇಕಿಲ್ಲ. ನಮ್ಮ ಉತ್ತರ ಕರ್ನಾಟಕದವರು ದುಡಿಯಲು, ಓದಲು, ಸಂಬಂಧ ಬೆಳೆಸಲು ತಲೆಮಾರುಗಳಿಂದ ಹೋಗಿಬರುತ್ತಿರುವ ಪುಣೆಯಲ್ಲಿ 1976 ಮತ್ತು 1977ರಲ್ಲಿ ನಡೆದ ಒಂದು ಪ್ರಕರಣ ಇದೆ. ಅದನ್ನು ಜೋಶಿ-ಅಭ್ಯಂಕರ್ ಕೊಲೆ ಪ್ರಕರಣ ಅಂತ ಕರೆಯುತ್ತಾರೆ. ಹದಿನಾಲ್ಕು ತಿಂಗಳಲ್ಲಿ 10 ಜೀವ ಹೋಯಿತು. ಮಾಡಿದವರು ಒಂದೇ ಕಾಲೇಜಿನ ನಾಲ್ವರು ವಿದ್ಯಾರ್ಥಿಗಳು. ಆ ಕಥೆಯನ್ನು ಗಮನವಿಟ್ಟು ಓದಿದರೆ ನಮ್ಮನ್ನು ಕಾಡಬೇಕಾದ ಪ್ರಶ್ನೆ ಬೇರೆಯೇ ಇದೆ ಅಂತ ಗೊತ್ತಾಗುತ್ತದೆ.

ತಿಲಕ್ ರಸ್ತೆಯ ಕಾಲೇಜು

ಪುಣೆಯ ತಿಲಕ್ ರಸ್ತೆಯಲ್ಲಿ ಅಭಿನವ ಕಲಾ ಮಹಾವಿದ್ಯಾಲಯ ಇದೆ. ಚಿತ್ರಕಲೆ, ಕಮರ್ಷಿಯಲ್ ಆರ್ಟ್ ಕಲಿಸುವ ಸಂಸ್ಥೆ. 70ರ ದಶಕದಲ್ಲಿ ಜಾಹೀರಾತು, ಪೋಸ್ಟರ್, ಪುಸ್ತಕದ ಮುಖಪುಟ ಎಲ್ಲವನ್ನೂ ಕೈಯಲ್ಲೇ ಬಿಡಿಸುತ್ತಿದ್ದ ಕಾಲ, ಹಾಗಾಗಿ ಕಮರ್ಷಿಯಲ್ ಆರ್ಟ್ ಕಲಿತವನಿಗೆ ಒಂದು ದಾರಿ ಇತ್ತು. ರಾಜೇಂದ್ರ ಜಕ್ಕಲ್, ದಿಲೀಪ್ ಸುತಾರ್, ಶಾಂತಾರಾಮ್ ಜಗತಾಪ್, ಮುನವ್ವರ್ ಹಾರೂನ್ ಶಾಹ್ ಈ ನಾಲ್ವರೂ ಅಲ್ಲಿನ ವಿದ್ಯಾರ್ಥಿಗಳು. ಕುಡಿತ, ದ್ವಿಚಕ್ರ ವಾಹನಗಳ ಕಳ್ಳತನ ಇಂಥದ್ದರಿಂದ ಕ್ಯಾಂಪಸ್ಸಿನಲ್ಲಿ ಅವರ ಹೆಸರು ಮೊದಲೇ ಕೆಟ್ಟಿತ್ತು. ಆದರೂ ಕೆಟ್ಟ ಹುಡುಗರು ಅನ್ನಿಸಿಕೊಂಡಿದ್ದರೇ ಹೊರತು ಕೊಲೆಗಾರರು ಅಂತ ಯಾರೂ ಅಂದುಕೊಂಡಿರಲಿಲ್ಲ. ಇಂಥ ನಾಲ್ಕು ಹುಡುಗರು ಇಲ್ಲದ ಕಾಲೇಜು ಯಾವುದು ಹೇಳಿ?

ದೇಶದಲ್ಲಿ ಆಗ ತುರ್ತು ಪರಿಸ್ಥಿತಿ. 1975ರ ಜೂನ್‌ನಿಂದ ಪತ್ರಿಕೆಗಳ ಮೇಲೆ ಸೆನ್ಸಾರ್ ಇತ್ತು, ವಿರೋಧ ಪಕ್ಷದ ನಾಯಕರು ಜೈಲಿನಲ್ಲಿದ್ದರು. ಪುಣೆಯ ಯರವಡಾ ಜೈಲಿನಲ್ಲೂ ರಾಜಕೀಯ ಕೈದಿಗಳು ತುಂಬಿದ್ದರು. ಸರ್ಕಾರ ಜನರ ಮೇಲೆ ಕಣ್ಣಿಟ್ಟಿದ್ದ ಆ ದಿನಗಳಲ್ಲೇ ಊರಿನ ನಡುವಿನ ಒಂದು ಕ್ಲಾಸ್‌ರೂಮಿನಲ್ಲಿ ಏನು ನಡೆಯುತ್ತಿದೆ ಅಂತ ಯಾರಿಗೂ ಕಾಣಲಿಲ್ಲ.

ಮೊದಲು ಹೋದವನು ಹೆಗ್ಡೆ

ಮೊದಲ ಬಲಿ ಪ್ರಕಾಶ್ ಹೆಗ್ಡೆ. ಹೆಸರು ಕೇಳಿದರೇ ಕನ್ನಡ ಓದುಗರಿಗೆ ನಮ್ಮ ಕರಾವಳಿ ನೆನಪಾಗುತ್ತದೆ. ಅವನ ತಂದೆ ಕಾಲೇಜಿನ ಹಿಂದೆಯೇ 'ವಿಶ್ವ' ಎಂಬ ಹೋಟೆಲ್ ನಡೆಸುತ್ತಿದ್ದರು. ಪ್ರಕಾಶ್ ಆ ನಾಲ್ವರ ಸಹಪಾಠಿ. ಹೋಟೆಲ್ ಇಟ್ಟವರ ಮಗ, ಅಂದರೆ ಮನೆಯಲ್ಲಿ ದುಡ್ಡಿದೆ ಅನ್ನುವುದು ಅವರ ಲೆಕ್ಕ. ಅಪಹರಿಸಿ ತಂದೆಯಿಂದ ಹಣ ಕೀಳಬೇಕು ಅಂತ ಯೋಜನೆ ಹಾಕಿದರು.

1976ರ ಜನವರಿ 15ರಂದು ಏನೋ ನೆಪ ಹೇಳಿ ಅವನನ್ನು ಕರ್ವೆ ರಸ್ತೆಯಲ್ಲಿದ್ದ ಜಕ್ಕಲ್‌ನ ತಗಡಿನ ಶೆಡ್ಡಿಗೆ ಕರೆದುಕೊಂಡು ಹೋದರು. ಮನೆ ಬಿಟ್ಟು ಹೋಗುತ್ತಿದ್ದೇನೆ ಅಂತ ಅವನ ಕೈಯಿಂದಲೇ ತಂದೆಗೆ ಚೀಟಿ ಬರೆಸಿದರು. ಆ ರಾತ್ರಿ ಸಾರಸ್ ಬಾಗ್ ಪಕ್ಕದ ಪೇಶ್ವೆ ಪಾರ್ಕಿನ ಕೆರೆಯ ಹತ್ತಿರ ಅವನನ್ನು ಕೊಂದು, ಶವವನ್ನು ಕಬ್ಬಿಣದ ಡ್ರಮ್ಮಿಗೆ ಹಾಕಿ ಕೆರೆಗೆ ಇಳಿಸಿದರು. ಆಮೇಲೆ ತಂದೆಗೆ ಹಣ ಕೇಳಿ ಪತ್ರ ಹೋಯಿತು. ಆ ತಂದೆ ಮಗ ಬರುತ್ತಾನೆ ಅಂತ ಕಾಯುವ ಹೊತ್ತಿಗೆ ಮಗ ಇರಲೇ ಇಲ್ಲ.

ಇದರಲ್ಲಿ ಎರಡು ವಿಷಯ ಗಮನಿಸಿ. ಒಂದು, ಪ್ರಕಾಶ್‌ನನ್ನು ಯಾರೂ ಕತ್ತಲಲ್ಲಿ ಎಳೆದುಕೊಂಡು ಹೋಗಲಿಲ್ಲ. ಕ್ಲಾಸಿನವರು ಕರೆದರು, ಅವನು ಹೋದ. ಎರಡು, ಶೆಡ್ಡಿನಲ್ಲಿ ಆ ರಾತ್ರಿ ನಾಲ್ವರಷ್ಟೇ ಇರಲಿಲ್ಲ. ಇನ್ನೊಬ್ಬ ಸಹಪಾಠಿಯೂ ಜೊತೆಗಿದ್ದ. ಮುಂದೆ ನ್ಯಾಯಾಲಯದಲ್ಲಿ ಅವನು ಮಾಫಿ ಸಾಕ್ಷಿಯಾದ. ಅವನ ಹೆಸರು ಇಲ್ಲಿ ಬೇಡ, ಆದರೆ ಅವನನ್ನು ನೆನಪಿಟ್ಟುಕೊಳ್ಳಿ. ಈ ಬರಹದ ಕೊನೆಗೆ ಅವನ ವಿಷಯಕ್ಕೆ ಬರಬೇಕಿದೆ.

ಎರಡು ಮನೆಗಳು

ಒಂಬತ್ತು ತಿಂಗಳು ಕಳೆಯಿತು. ಕೆರೆ ತನ್ನ ಗುಟ್ಟು ಬಿಡಲಿಲ್ಲ. 1976ರ ಅಕ್ಟೋಬರ್ 31ರ ರಾತ್ರಿ ವಿಜಯನಗರ ಕಾಲೋನಿಯ ಅಚ್ಯುತ ಜೋಶಿಯವರ ಮನೆಗೆ ಅವರು ನುಗ್ಗಿದರು. ಜೋಶಿ, ಅವರ ಹೆಂಡತಿ ಉಷಾ, ಹದಿಹರೆಯದ ಮಗ ಆನಂದ್ ಮೂವರನ್ನೂ ಕೊಂದರು.

ನವೆಂಬರ್ 22ರಂದು ಶಂಕರಶೇಟ್ ರಸ್ತೆಯ ಒಂದು ಬಂಗಲೆಗೆ ನುಗ್ಗಿದರು. ಅಲ್ಲಿ ಮನೆಯೊಡತಿಯೂ ಇಬ್ಬರು ಕೆಲಸದವರೂ ತಿರುಗಿಬಿದ್ದರು. ಬಂದವರು ಮುಳ್ಳುತಂತಿಯ ಬೇಲಿ ಹಾರಿ ಓಡಿಹೋದರು. ಯೂಟ್ಯೂಬ್ ಕಥೆಗಳಲ್ಲಿ ಈ ಭಾಗಕ್ಕೆ ಹೆಚ್ಚು ಜಾಗ ಸಿಗುವುದಿಲ್ಲ, ಯಾಕಂದ್ರೆ ಅಲ್ಲಿ ಯಾರೂ ಸಾಯಲಿಲ್ಲ. ನನಗೆ ಮಾತ್ರ ಇದು ಬಹಳ ಮುಖ್ಯ ಅನಿಸುತ್ತದೆ. ಸಿನಿಮಾದಲ್ಲಿ ತೋರಿಸುವ ಹಾಗೆ ಆ ನಾಲ್ವರಿಗೆ ಯಾವ ಅಮಾನುಷ ಶಕ್ತಿಯೂ ಇರಲಿಲ್ಲ. ಮೂವರು ಸಾಮಾನ್ಯ ಜನ ಕೈ ಎತ್ತಿದ ಕೂಡಲೇ ಓಡಿದರು.

ಡಿಸೆಂಬರ್ 1ರ ರಾತ್ರಿ ಭಾಂಡಾರ್ಕರ್ ರಸ್ತೆಯ 'ಸ್ಮೃತಿ' ಎಂಬ ಬಂಗಲೆ. ಅಲ್ಲಿದ್ದವರು ಕಾಶಿನಾಥ ಶಾಸ್ತ್ರಿ ಅಭ್ಯಂಕರ್, 80 ದಾಟಿದ ಸಂಸ್ಕೃತ ವಿದ್ವಾಂಸರು. ಅವರ ತಂದೆ ವಾಸುದೇವ ಶಾಸ್ತ್ರಿಗಳು ಪತಂಜಲಿಯ ಮಹಾಭಾಷ್ಯವನ್ನು ಮರಾಠಿಗೆ ತಂದವರು. ಕಾಶಿನಾಥ ಶಾಸ್ತ್ರಿಗಳು ಸಿದ್ಧಪಡಿಸಿದ ಸಂಸ್ಕೃತ ವ್ಯಾಕರಣದ ಇಂಗ್ಲಿಷ್ ನಿಘಂಟು 1961ರಲ್ಲಿ ಬರೋಡಾದಿಂದ ಪ್ರಕಟವಾಯಿತು. ಇವತ್ತಿಗೂ ಜಗತ್ತಿನಲ್ಲಿ ಪಾಣಿನಿಯನ್ನು ಓದುವವರು ಆ ನಿಘಂಟನ್ನು ತಿರುವಿಹಾಕುತ್ತಾರೆ. ಆ ರಾತ್ರಿ ಶಾಸ್ತ್ರಿಗಳು, ಅವರ ಹೆಂಡತಿ ಇಂದಿರಾಬಾಯಿ, ಮೊಮ್ಮಗಳು ಜೂಯಿ, ಮೊಮ್ಮಗ ಧನಂಜಯ, ಮನೆಗೆಲಸದ ಸಕೂಬಾಯಿ ವಾಘ್, ಐದೂ ಜನ ಕೊಲೆಯಾದರು.

ಸಕೂಬಾಯಿ ವಾಘ್ ಅವರ ಹೆಸರನ್ನು ಬೇಕೆಂದೇ ಬರೆಯುತ್ತಿದ್ದೇನೆ. ಪ್ರಕರಣದ ಹೆಸರಿನಲ್ಲಿ ಜೋಶಿ ಇದ್ದಾರೆ, ಅಭ್ಯಂಕರ್ ಇದ್ದಾರೆ. ಹೋಟೆಲಿನವರ ಮಗನೂ ಇಲ್ಲ, ಕೆಲಸದಾಕೆಯೂ ಇಲ್ಲ. ಸತ್ತ ಮೇಲೂ ಎಲ್ಲರ ಹೆಸರಿಗೆ ಒಂದೇ ತೂಕ ಇರುವುದಿಲ್ಲ.

ಇಷ್ಟಾದ ಮೇಲೆ ಪುಣೆ ಬೆದರಿತು. ಸಂಜೆಯಾದರೆ ರಸ್ತೆಗಳು ಖಾಲಿಯಾಗುತ್ತಿದ್ದವು, ಬೆಲ್ ಮಾಡಿದರೆ ಬಾಗಿಲು ತೆರೆಯುತ್ತಿರಲಿಲ್ಲ. ಆ ಕಾಲದಲ್ಲಿ ಅಲ್ಲಿದ್ದ ಹಿರಿಯರು ಈಗಲೂ ಆ ಚಳಿಗಾಲದ ಮಾತು ತೆಗೆದರೆ ದನಿ ಇಳಿಸುತ್ತಾರೆ. ಎಲ್ಲರೂ ಹೊರಗಿನಿಂದ ಬರುವ ಅಪರಿಚಿತನಿಗೆ ಹೆದರಿ ಚಿಲಕ ಹಾಕಿಕೊಂಡರು. ಕೊಲೆಗಾರರು ಊರಿನವರೇ ಆಗಿದ್ದರು.

ನದಿ ಹೇಳಿದ್ದು

1977ರ ಮಾರ್ಚ್ 21ರಂದು ತುರ್ತು ಪರಿಸ್ಥಿತಿ ಮುಗಿಯಿತು. ಎರಡು ದಿನ ಬಿಟ್ಟು, ಮಾರ್ಚ್ 23ರ ಸಂಜೆ, ಅನಿಲ್ ಗೋಖಲೆ ಎಂಬ ಯುವಕ ತನ್ನ ಅಣ್ಣನನ್ನು ಅಲ್ಕಾ ಟಾಕೀಸಿನ ಹತ್ತಿರ ಭೇಟಿಯಾಗಬೇಕಿತ್ತು. ಅಣ್ಣ ಈ ನಾಲ್ವರ ಸಹಪಾಠಿ. ಜಕ್ಕಲ್ ಮೋಟಾರ್ ಸೈಕಲ್ ನಿಲ್ಲಿಸಿ ಬಿಟ್ಟುಬರುತ್ತೇನೆ ಬಾ ಅಂದ. ಅಣ್ಣನ ಗೆಳೆಯ ತಾನೇ ಅಂತ ಅನಿಲ್ ಹತ್ತಿದ. ಅದೇ ಶೆಡ್ಡು, ಅದೇ ನೈಲಾನ್ ಹಗ್ಗ. ಶವವನ್ನು ಕಬ್ಬಿಣದ ಏಣಿಗೆ ಕಟ್ಟಿ, ಕಲ್ಲು ಸೇರಿಸಿ, ಬಂಡ್ ಗಾರ್ಡನ್ ಹತ್ತಿರ ಮುಳಾ-ಮುಠಾ ನದಿಗೆ ಎಸೆದರು.

ಈ ಸಲ ನೀರು ಗುಟ್ಟು ಇಟ್ಟುಕೊಳ್ಳಲಿಲ್ಲ. ಮಾರ್ಚ್ 24ರಂದು, ದೆಹಲಿಯಲ್ಲಿ ಮೊರಾರ್ಜಿ ದೇಸಾಯಿ ಪ್ರಧಾನಿಯಾಗಿ ಪ್ರಮಾಣ ಮಾಡಿದ ದಿನ, ಸಂಜೆ ಯರವಡಾದ ಹತ್ತಿರ ಶವ ತೇಲಿಬಂತು. ಸಹಾಯಕ ಪೊಲೀಸ್ ಕಮಿಷನರ್ ಮಧುಸೂದನ ಹುಲ್ಯಾಳಕರ್ ಅವರ ತಂಡ ಅನಿಲ್ ಕೊನೆಗೆ ಯಾರ ಜೊತೆ ಕಾಣಿಸಿದ್ದ ಅಂತ ಹುಡುಕುತ್ತಾ ಕಾಲೇಜಿಗೆ ಬಂತು. ನಾಲ್ವರು ಕೊಟ್ಟ ಹೇಳಿಕೆಗಳು ಒಂದಕ್ಕೊಂದು ತಾಳೆಯಾಗಲಿಲ್ಲ. ವಿಚಾರಣೆಯಲ್ಲಿ ಸಹಪಾಠಿಗಳು ಬಾಯಿಬಿಟ್ಟರು. ಪೇಶ್ವೆ ಪಾರ್ಕಿನ ಕೆರೆಯಿಂದ ಡ್ರಮ್ಮು ಮೇಲೆ ಬಂತು. ಮಾರ್ಚ್ 30ರಂದು ಬಂಧನವಾಯಿತು.

ಪುಣೆಯ ಸೆಷನ್ಸ್ ನ್ಯಾಯಾಲಯದಲ್ಲಿ 1978ರ ಮೇ 15ಕ್ಕೆ ವಿಚಾರಣೆ ಶುರುವಾಯಿತು. ಸೆಪ್ಟೆಂಬರ್ 28ಕ್ಕೆ ನ್ಯಾಯಾಧೀಶ ವಾಮನ ನಾರಾಯಣ ಬಾಪಟ್ ನಾಲ್ವರಿಗೂ ಮರಣದಂಡನೆ ವಿಧಿಸಿದರು. 1979ರ ಏಪ್ರಿಲ್‌ನಲ್ಲಿ ಬಾಂಬೆ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. 1980ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಮೇಲ್ಮನವಿ ತಳ್ಳಿಹಾಕಿತು. ರಾಷ್ಟ್ರಪತಿಗಳ ಕ್ಷಮಾದಾನವೂ ಸಿಗಲಿಲ್ಲ. 1983ರ ನವೆಂಬರ್ 27ರಂದು ಯರವಡಾ ಜೈಲಿನಲ್ಲಿ ನಾಲ್ವರನ್ನೂ ಗಲ್ಲಿಗೇರಿಸಲಾಯಿತು.

ಹುಚ್ಚು ಮತ್ತು ಹುಚ್ಚಲ್ಲದ್ದು

ಈಗ ಮಕ್ಕಳ ಪ್ರಶ್ನೆಗೆ ಬರೋಣ. ತಲೆಯೊಳಗೆ ಏನಿರುತ್ತದೆ?

'ಸರಣಿ ಕೊಲೆಗಾರ' ಎಂಬ ಮಾತು ಬಹಳ ಹಳೆಯದಲ್ಲ. ಬರ್ಲಿನ್ ಪೊಲೀಸ್ ಅಧಿಕಾರಿ ಅರ್ನ್‌ಸ್ಟ್ ಗೆನ್ನಾಟ್ 1930ರಲ್ಲಿ ಡ್ಯೂಸೆಲ್‌ಡಾರ್ಫ್‌ನ ಹಂತಕ ಪೀಟರ್ ಕ್ಯುರ್ಟನ್ ಬಗ್ಗೆ ಬರೆಯುವಾಗ ಜರ್ಮನ್ ಭಾಷೆಯಲ್ಲಿ ಇದನ್ನು ಬಳಸಿದ. 70ರ ದಶಕದಲ್ಲಿ ಅಮೆರಿಕದ ಎಫ್‌ಬಿಐನ ರಾಬರ್ಟ್ ರೆಸ್ಲರ್‌ನಿಂದ ಇಂಗ್ಲಿಷಿನಲ್ಲಿ ಜನಪ್ರಿಯವಾಯಿತು. ಒಬ್ಬನೇ ಇರಲಿ, ಗುಂಪೇ ಇರಲಿ, ಬೇರೆ ಬೇರೆ ಸಂದರ್ಭಗಳಲ್ಲಿ ಇಬ್ಬರು ಅಥವಾ ಹೆಚ್ಚು ಜನರನ್ನು ಕೊಂದರೆ ಅದು ಸರಣಿ ಕೊಲೆ ಅನ್ನುವುದು ಎಫ್‌ಬಿಐ ಈಗ ಇಟ್ಟುಕೊಂಡಿರುವ ವ್ಯಾಖ್ಯೆ. ಅದರಲ್ಲಿ ಮನಸ್ಸಿನ ಬಗ್ಗೆ ಒಂದು ಮಾತೂ ಇಲ್ಲ. ಯಾಕಂದ್ರೆ ಎಲ್ಲರ ಮನಸ್ಸೂ ಒಂದೇ ತರಹ ಇರುವುದಿಲ್ಲ.

ಇದಕ್ಕೆ ಪುಣೆಯಲ್ಲೇ ಸಾಕ್ಷಿ ಇದೆ. 60ರ ದಶಕದಲ್ಲಿ ಮುಂಬೈಯ ಜೋಪಡಿಗಳಲ್ಲಿ, ಫುಟ್‌ಪಾತಿನಲ್ಲಿ ಮಲಗಿದ್ದ ಬಡವರನ್ನು ಕೊಂದ ರಾಮನ್ ರಾಘವ್ 1968ರಲ್ಲಿ ಸಿಕ್ಕಿಬಿದ್ದ. ಅವನಿಗೂ ಮರಣದಂಡನೆ ಆಗಿತ್ತು. ಆದರೆ ಮನೋವೈದ್ಯರ ಸಮಿತಿ ಪರೀಕ್ಷಿಸಿ ಅವನಿಗೆ ತೀವ್ರ ಸ್ಕಿಜೋಫ್ರೇನಿಯಾ ಇದೆ ಅಂದಿತು. ಶಿಕ್ಷೆ ಜೀವಾವಧಿಗೆ ಇಳಿಯಿತು. ಅವನನ್ನೂ ಯರವಡಾದಲ್ಲೇ ಇಟ್ಟಿದ್ದರು. 1995ರಲ್ಲಿ ಪುಣೆಯ ಸಸೂನ್ ಆಸ್ಪತ್ರೆಯಲ್ಲಿ ಸತ್ತ.

ಒಂದೇ ಜೈಲಿನಲ್ಲಿ ಎರಡು ಬಗೆಯ ಕೊಲೆಗಾರರು. ರಾಮನ್ ರಾಘವ್‌ನ ತಲೆಯೊಳಗೆ ಏನೋ ಕೆಟ್ಟಿತ್ತು ಅಂತ ಡಾಕ್ಟರು ಹೇಳಬಹುದು. ಇಲ್ಲೊಂದು ಮಾತನ್ನು ಸೇರಿಸಬೇಕು. ಮನೋರೋಗ ಇರುವ ಬಹುಪಾಲು ಜನ ಯಾರಿಗೂ ಕೈ ಎತ್ತುವವರಲ್ಲ. ನಮ್ಮ ಮೊಹಲ್ಲಾಗಳಲ್ಲಿ ಅಂಥವರನ್ನು ಕಂಡರೆ 'ಪಾಗಲ್' ಅಂತ ಕಲ್ಲು ಹೊಡೆಯುವ ಮಕ್ಕಳಿಗೆ ಇದನ್ನು ಹೇಳಲೇಬೇಕು. ಆದರೆ ಪುಣೆಯ ನಾಲ್ವರಿಗೆ ಹುಚ್ಚು ಇರಲಿಲ್ಲ. ಯೋಜನೆ ಮಾಡಿದರು, ಹಗ್ಗ ತಂದರು, ಚೀಟಿ ಬರೆಸಿದರು, ಶವ ಮುಳುಗಿಸಿದರು, ಮರುದಿನ ಊರಿನಲ್ಲೇ ಎಲ್ಲರಂತೆ ಓಡಾಡಿದರು. ಮನೆಗಳಿಂದ ಅವರಿಗೆ ಸಿಕ್ಕಿದ್ದಾದರೂ ಎಷ್ಟು? ಒಂದಿಷ್ಟು ಹಣ, ವಾಚು, ಒಡವೆ. ಹತ್ತು ಜೀವದ ಮುಂದೆ ಅದನ್ನಿಟ್ಟರೆ ಯಾವ ಲೆಕ್ಕಕ್ಕೂ ಸಿಗುವುದಿಲ್ಲ.

ಹಾಗಾದರೆ ಏನಿತ್ತು? ನನ್ನ ಮಟ್ಟಿಗೆ ಉತ್ತರದ ಒಂದು ಭಾಗ 'ನಾಲ್ಕು' ಅನ್ನುವ ಸಂಖ್ಯೆಯಲ್ಲಿದೆ. ಒಬ್ಬನೇ ಆಗಿದ್ದರೆ ಆ ಶೆಡ್ಡಿನಲ್ಲಿ ಯಾರ ಕೈಯಾದರೂ ನಡುಗುತ್ತಿತ್ತು. ನಾಲ್ವರಿದ್ದಾಗ ಪ್ರತಿಯೊಬ್ಬನೂ ಉಳಿದ ಮೂವರ ಮುಖ ನೋಡುತ್ತಾನೆ. ಅವರು ಸುಮ್ಮನಿದ್ದಾರೆ, ನಾನೊಬ್ಬ ಹಿಂದೆ ಸರಿದರೆ ಹೇಡಿ. ಪಾಪವನ್ನು ನಾಲ್ಕು ಪಾಲು ಮಾಡಿದ ಹಾಗೆ ಅನಿಸುತ್ತದೆ, ಆದರೆ ಪಾಪ ಹಾಗೆ ಪಾಲಾಗುವುದಿಲ್ಲ. ಪ್ರತಿಯೊಬ್ಬನ ಪಾಲಿಗೂ ಇಡಿಯಾಗಿಯೇ ಬರುತ್ತದೆ. ನ್ಯಾಯಾಲಯವೂ ಹಾಗೇ ಲೆಕ್ಕ ಹಾಕಿತು.

ಬಿ.ಎಡ್. ಓದುವಾಗ ಮನೋವಿಜ್ಞಾನದ ಪತ್ರಿಕೆಯಲ್ಲಿ ಸಾಲಮನ್ ಆಶ್ ಎಂಬ ಪ್ರೊಫೆಸರ್ ಮಾಡಿದ ಪ್ರಯೋಗ ಬರುತ್ತದೆ. 50ರ ದಶಕದ ಅಮೆರಿಕ. ಒಂದು ಕೋಣೆಯಲ್ಲಿ ವಿದ್ಯಾರ್ಥಿಗಳನ್ನು ಕೂರಿಸಿ ಗೆರೆಗಳನ್ನು ತೋರಿಸುತ್ತಾರೆ. ಯಾವ ಗೆರೆ ಯಾವುದಕ್ಕೆ ಸಮ ಅಂತ ಹೇಳಬೇಕು. ಚಿಕ್ಕ ಮಗುವೂ ಹೇಳಬಹುದು. ಆದರೆ ಒಬ್ಬನನ್ನು ಬಿಟ್ಟು ಉಳಿದವರೆಲ್ಲ ಮೊದಲೇ ಹೇಳಿಕೊಟ್ಟಂತೆ ತಪ್ಪು ಉತ್ತರ ಕೊಡುತ್ತಾರೆ. ಆ ಒಬ್ಬನಿಗೆ ಇದು ಗೊತ್ತಿಲ್ಲ. ಹೀಗೆ ಪರೀಕ್ಷೆಗೆ ಒಳಗಾದವರಲ್ಲಿ ಸುಮಾರು ಮುಕ್ಕಾಲು ಪಾಲು ಜನ ಒಂದಲ್ಲ ಒಂದು ಸಲ ಕಣ್ಣಿಗೆ ಕಾಣುವ ಸತ್ಯ ಬಿಟ್ಟು ಗುಂಪಿನ ಸುಳ್ಳನ್ನೇ ಹೇಳಿದರು. ಗೆರೆ ಹೇಳುವುದೂ ಕೊಲೆ ಮಾಡುವುದೂ ಒಂದೇ ಅಂತ ನಾನು ಹೇಳುತ್ತಿಲ್ಲ. ಆ ಪ್ರಯೋಗದ ಇನ್ನೊಂದು ಭಾಗ ನನಗೆ ಮುಖ್ಯ. ಗುಂಪಿನಲ್ಲಿ ಒಬ್ಬನೇ ಒಬ್ಬ ಸರಿಯಾದ ಉತ್ತರ ಹೇಳಿದರೂ ಸಾಕು, ಗುಂಪಿಗೆ ಶರಣಾಗುವವರ ಸಂಖ್ಯೆ ಸರ್ರನೆ ಇಳಿಯಿತು. ಒಬ್ಬ ಸಾಕಿತ್ತು.

ಮುನವ್ವರ್ ಎಂಬ ಹೆಸರು

ನಮ್ಮ ಓದುಗರಲ್ಲಿ ಕೆಲವರ ಮನಸ್ಸು ನಾಲ್ಕು ಹೆಸರಿನ ಪಟ್ಟಿ ಓದುವಾಗಲೇ ಕೊನೆಯ ಹೆಸರಿನ ಮೇಲೆ ನಿಂತಿರುತ್ತದೆ. ಮುನವ್ವರ್ ಹಾರೂನ್ ಶಾಹ್. ಈ ನಿಲ್ಲುವಿಕೆಯನ್ನು ನಾವು ಚಿಕ್ಕಂದಿನಿಂದ ಕಲಿತಿದ್ದೇವೆ. ಪೇಪರಿನಲ್ಲಿ ಯಾವ ಅಪರಾಧದ ಸುದ್ದಿ ಬಂದರೂ ಮೊದಲು ಹೆಸರು ನೋಡುತ್ತೇವೆ. ನಮ್ಮವನಲ್ಲದಿದ್ದರೆ ಉಸಿರು ಬಿಡುತ್ತೇವೆ. ನಮ್ಮವನಾದರೆ ನಾಳೆ ಸ್ಟಾಫ್ ರೂಮಿನಲ್ಲಿ, ಬಸ್ಸಿನಲ್ಲಿ ಯಾರು ಏನನ್ನುತ್ತಾರೋ ಅಂತ ಎದೆ ಹೊಡೆದುಕೊಳ್ಳುತ್ತದೆ.

ಮುನವ್ವರ್ ಜೈಲಿನಲ್ಲಿದ್ದಾಗ ಆತ್ಮಕಥೆ ಬರೆದ. 'ಯೆಸ್, ಐ ಆಮ್ ಗಿಲ್ಟಿ' ಅಂತ ಅದರ ಹೆಸರು. ಹೌದು, ನಾನು ತಪ್ಪಿತಸ್ಥ ಅಂತ ಪುಸ್ತಕದ ಮುಖಪುಟದಲ್ಲೇ ಒಪ್ಪಿಕೊಂಡ. ಅದು ಅವನ ಲೆಕ್ಕ. ಆ ಲೆಕ್ಕವನ್ನು ಅವನ ಕೌಮಿನ ತಲೆಗೆ ಕಟ್ಟುವುದು ಎಷ್ಟು ತಪ್ಪೋ, ಉಳಿದ ಮೂವರ ಲೆಕ್ಕವನ್ನು ಅವರ ಜಾತಿ ಧರ್ಮಕ್ಕೆ ಕಟ್ಟುವುದೂ ಅಷ್ಟೇ ತಪ್ಪು. ಈ ಪ್ರಕರಣ ಅಂಥ ಯಾವ ಕತೆಗೂ ಜಾಗ ಕೊಡುವುದಿಲ್ಲ. ನಾಲ್ವರೂ ಬೇರೆ ಬೇರೆ ಮನೆಗಳಿಂದ ಬಂದವರು, ಅವರನ್ನು ಒಂದುಗೂಡಿಸಿದ್ದು ದೋಸ್ತಿ. ದೋಸ್ತಿ ಎಂಬ ಒಳ್ಳೆಯ ಮಾತು ಎಷ್ಟು ಕೆಟ್ಟ ಜಾಗಕ್ಕೂ ಹೋಗಬಲ್ಲದು ಅಂತ ಇಲ್ಲಿ ಕಾಣುತ್ತದೆ.

ಭಯಕ್ಕೆ ಬೇರೆಯವರ ಮುಖ ಅಂಟಿಸಿದರೆ ಏನಾಗುತ್ತದೆ ಅನ್ನುವುದಕ್ಕೆ ನಮ್ಮ ಕರ್ನಾಟಕದಲ್ಲೇ ಉದಾಹರಣೆ ಇದೆ. 2009ರಲ್ಲಿ ಬಂಟ್ವಾಳ ತಾಲೂಕಿನ ಬರಿಮಾರಿನ ಒಬ್ಬ ಯುವತಿ ಕಾಣೆಯಾದಳು. 'ಲವ್ ಜಿಹಾದ್' ಎಂಬ ಮಾತು ಕರಾವಳಿಯಲ್ಲಿ ಹರಡುತ್ತಿದ್ದ ವರ್ಷ ಅದು. ಮುಸ್ಲಿಂ ಹುಡುಗನ ಜೊತೆ ಓಡಿಹೋಗಿದ್ದಾಳೆ ಅಂತ ಗುಲ್ಲೆದ್ದಿತು, ಪ್ರತಿಭಟನೆ ನಡೆಯಿತು, ಊರಿನ ವಾತಾವರಣವೇ ಕೆಟ್ಟಿತು. ಪೊಲೀಸರು ಮೊಬೈಲ್ ಕರೆಗಳ ಜಾಡು ಹಿಡಿದು ಹೋದಾಗ ಅಕ್ಟೋಬರ್‌ನಲ್ಲಿ ಸಿಕ್ಕಿದವನು ಮೋಹನ್ ಕುಮಾರ್. ಪ್ರಾಥಮಿಕ ಶಾಲೆಯಲ್ಲಿ ದೈಹಿಕ ಶಿಕ್ಷಕನಾಗಿದ್ದವನು. ಮದುವೆಯಾಗುತ್ತೇನೆ, ವರದಕ್ಷಿಣೆ ಬೇಡ ಅಂತ ನಂಬಿಸಿ ಬಡ ಮನೆಯ ಹೆಣ್ಣುಮಕ್ಕಳನ್ನು ಬೇರೆ ಊರಿಗೆ ಕರೆದೊಯ್ದು ಸಯನೈಡ್ ಕೊಟ್ಟು ಕೊಲ್ಲುತ್ತಿದ್ದ. ಅವನ ಮೇಲೆ ಬಂದದ್ದು 20 ಮಹಿಳೆಯರ ಕೊಲೆ ಪ್ರಕರಣಗಳು, 2003ರಿಂದ 2009ರವರೆಗೆ.

ಆರು ವರ್ಷ! ಇಷ್ಟು ಕಾಲ ಹೇಗೆ ಸಾಧ್ಯವಾಯಿತು? ಒಂದೊಂದು ಊರಿನ ಬಸ್ ನಿಲ್ದಾಣದಲ್ಲಿ ಒಂದೊಂದು ಶವ ಸಿಗುತ್ತಿತ್ತು, ಅಸಹಜ ಸಾವು ಅಂತ ಫೈಲು ಮುಚ್ಚುತ್ತಿತ್ತು. ಮಗಳು ಯಾರ ಜೊತೆಗೋ ಹೋದಳು ಅಂತ ಮರ್ಯಾದೆಗೆ ಅಂಜಿ ಎಷ್ಟೋ ಮನೆಯವರು ಸ್ಟೇಷನ್ ಮೆಟ್ಟಿಲು ಹತ್ತಲಿಲ್ಲ. ಆ ಸಂಕೋಚವೇ ಕೊಲೆಗಾರನಿಗೆ ರಕ್ಷಣೆಯಾಯಿತು. ಆಮೇಲೆ ಗುಲ್ಲು ಎಬ್ಬಿಸಿದವರು ಹುಡುಕುತ್ತಿದ್ದದ್ದು ಇನ್ಯಾರನ್ನೋ. ಶಿಕ್ಷಕನಾಗಿ ನನಗೆ ಈ ಪ್ರಕರಣ ಓದುವುದು ಸುಲಭವಲ್ಲ. ನನ್ನ ವೃತ್ತಿಯವನೇ ಅವನು. ಅದರಿಂದ ಎಲ್ಲ ಮೇಷ್ಟ್ರುಗಳೂ ಕೊಲೆಗಾರರು ಅಂತ ಯಾರೂ ಹೇಳುವುದಿಲ್ಲ, ಹೇಳಬಾರದು ಕೂಡ. ಇದೇ ನ್ಯಾಯ ಧರ್ಮದ ವಿಷಯಕ್ಕೂ ಸಲ್ಲಬೇಕು ತಾನೇ? ಊರಿನ ವಿಷಯಕ್ಕೂ ಸಲ್ಲಬೇಕು. ಹೊಸಕೋಟೆ ಕಡೆಯ ದಂಡುಪಾಳ್ಯ ಎಂಬ ಹಳ್ಳಿಯ ಹೆಸರು ಒಂದು ಗ್ಯಾಂಗಿನ ಹೆಸರಾಗಿ, ಆಮೇಲೆ 2012ರಲ್ಲಿ ಸಿನಿಮಾದ ಹೆಸರೂ ಆಯಿತು. ಆ ಹಳ್ಳಿಯ ಹುಡುಗ ಕೆಲಸದ ಅರ್ಜಿಯಲ್ಲಿ ಊರಿನ ಹೆಸರು ಬರೆಯುವಾಗ ಏನು ಯೋಚಿಸುತ್ತಾನೋ.

ಮಾಫಿ ಸಾಕ್ಷಿ

ಪುಣೆಯ ಪ್ರಕರಣದ ಮೇಲೆ 1986ರಲ್ಲಿ ಮರಾಠಿ ಸಿನಿಮಾ ಬಂತು. ಜಕ್ಕಲ್‌ನ ಪಾತ್ರ ಮಾಡಿದ್ದು ನಾನಾ ಪಾಟೇಕರ್. ಸಿನಿಮಾದ ಹೆಸರು 'ಮಾಫೀಚಾ ಸಾಕ್ಷೀದಾರ್'. ಅನುರಾಗ್ ಕಶ್ಯಪ್ ಮಾಡಿದ 'ಪಾಂಚ್' ಸಿನಿಮಾಕ್ಕೂ ಇದೇ ಪ್ರಕರಣ ಪ್ರೇರಣೆ, ಅದು ಸೆನ್ಸಾರ್ ಮಂಡಳಿಯಲ್ಲಿ ಸಿಕ್ಕಿಕೊಂಡು ವರ್ಷಗಟ್ಟಲೆ ಥಿಯೇಟರಿಗೆ ಬರಲೇ ಇಲ್ಲ. ನನ್ನನ್ನು ಹಿಡಿದು ನಿಲ್ಲಿಸುವುದು ಮೊದಲ ಸಿನಿಮಾದ ಹೆಸರು. ಕನ್ನಡದಲ್ಲಿ ಮಾಫಿ ಸಾಕ್ಷಿ. ಉರ್ದುವಿನಲ್ಲಿ ವಾದಾ ಮಾಫ್ ಗವಾಹ್. ಅಪರಾಧದಲ್ಲಿ ತಾನೂ ಪಾಲುದಾರನಾಗಿದ್ದು, ಎಲ್ಲವನ್ನೂ ಸತ್ಯವಾಗಿ ಹೇಳುತ್ತೇನೆ ಎಂಬ ಷರತ್ತಿನ ಮೇಲೆ ಕ್ಷಮೆ ಪಡೆಯುವವನು.

ಆ ಐದನೆಯ ಹುಡುಗನಿಗೆ 1976ರ ಜನವರಿಯಲ್ಲೇ ಗೊತ್ತಿತ್ತು. ಪ್ರಕಾಶ್ ಎಲ್ಲಿಗೂ ಓಡಿಹೋಗಿಲ್ಲ ಅಂತ ಗೊತ್ತಿತ್ತು. ಕಾಲೇಜಿನ ಹಿಂದೆಯೇ ಆ ತಂದೆಯ ಹೋಟೆಲು. ಹದಿನಾಲ್ಕು ತಿಂಗಳು ಅವನು ಸುಮ್ಮನಿದ್ದ. ಅವನಿಗೂ ಪ್ರಾಣಭಯ ಇದ್ದಿರಬಹುದು, ಹೇಳಿದರೆ ತಾನೂ ಸಿಕ್ಕಿಬೀಳುತ್ತೇನೆ ಅನ್ನುವ ಭಯವಂತೂ ಇದ್ದೇ ಇರುತ್ತದೆ. ಅವನನ್ನು ಕಟಕಟೆಯಲ್ಲಿ ನಿಲ್ಲಿಸುವುದು ನನ್ನ ಕೆಲಸವಲ್ಲ, ನ್ಯಾಯಾಲಯ ಅವನಿಗೆ ಕ್ಷಮೆ ಕೊಟ್ಟಾಗಿದೆ. ಲೆಕ್ಕವನ್ನಷ್ಟೇ ಮುಂದಿಡುತ್ತೇನೆ. ಜನವರಿಯಲ್ಲಿ ಒಬ್ಬ ಬಾಯಿಬಿಟ್ಟಿದ್ದರೆ ಡ್ರಮ್ಮು ಆಗಲೇ ಮೇಲೆ ಬರುತ್ತಿತ್ತು. ಅಚ್ಯುತ, ಉಷಾ, ಆನಂದ್, ಕಾಶಿನಾಥ ಶಾಸ್ತ್ರಿ, ಇಂದಿರಾಬಾಯಿ, ಜೂಯಿ, ಧನಂಜಯ, ಸಕೂಬಾಯಿ, ಅನಿಲ್. ಒಂಬತ್ತು ಜನ ಬದುಕಿರುತ್ತಿದ್ದರು.

ಕೊಲೆಯಂಥ ಅಪರಾಧದ ವಿಷಯ ತಿಳಿದರೆ ಪೊಲೀಸರಿಗೆ ಹೇಳುವುದು ಪ್ರತಿಯೊಬ್ಬನ ಕರ್ತವ್ಯ ಅಂತ 1973ರ ದಂಡ ಪ್ರಕ್ರಿಯಾ ಸಂಹಿತೆಯ 39ನೇ ಕಲಮಿನಲ್ಲೇ ಇತ್ತು. ಕಾನೂನು ಹೇಳುವ ಮೊದಲೇ ನಮ್ಮ ಅಜ್ಜಿಯಂದಿರು ಹೇಳಿಕೊಟ್ಟಿದ್ದರು: ಗವಾಹಿ ಮುಚ್ಚಿಡಬಾರದು, ಅದು ದಿಲ್ ಮೇಲೆ ಕೂರುವ ಗುನಾಹ್. ಆದರೆ ಶಾಲೆಯಲ್ಲಿ ನಾವು ಕಲಿಸುವುದು ಇದಕ್ಕೆ ಉಲ್ಟಾ. 'ಚಾಡಿ ಹೇಳಬೇಡ' ಅಂತ ಒಂದನೇ ಕ್ಲಾಸಿನಿಂದ ಕಲಿಸುತ್ತೇವೆ. ದೊಡ್ಡವರಾದ ಮೇಲೆ ಗೆಳೆಯನನ್ನು ಹಿಡಿದುಕೊಡುವವನು ಗದ್ದಾರ್ ಅಂತ ಮಕ್ಕಳೇ ಕಲಿತುಕೊಳ್ಳುತ್ತಾರೆ. ಪೆನ್ಸಿಲ್ ಕದ್ದದ್ದನ್ನು ಹೇಳುವುದೂ, ಒಬ್ಬನ ಜೀವಕ್ಕೆ ಅಪಾಯವಿದೆ ಅಂತ ಹೇಳುವುದೂ ಬೇರೆ ಬೇರೆ ಅನ್ನುವುದನ್ನು ಮಾತ್ರ ಯಾರೂ ಬಿಡಿಸಿ ಹೇಳುವುದಿಲ್ಲ.

ಹಾಗಾಗಿ ವಿದ್ಯಾರ್ಥಿಗಳಿಗೆ ನನ್ನ ಮಾತು ಇಷ್ಟು. ಕೊಲೆಗಾರನ ತಲೆಯೊಳಗೆ ಏನಿದೆ ಅಂತ ತಿಳಿಯುವ ಕುತೂಹಲ ತಪ್ಪಲ್ಲ, ಸೀರೀಸ್ ನೋಡಿ, ಪುಸ್ತಕ ಓದಿ. ಆದರೆ ನೀವು ಜೀವನದಲ್ಲಿ ಆ ನಾಲ್ವರ ಜಾಗದಲ್ಲಿ ನಿಲ್ಲುವ ಸಾಧ್ಯತೆ ತೀರಾ ಕಡಿಮೆ. ಐದನೆಯವನ ಜಾಗದಲ್ಲಿ ನಿಲ್ಲುವ ಸಾಧ್ಯತೆ ಅಷ್ಟು ಕಡಿಮೆ ಇಲ್ಲ. ರ‍್ಯಾಗಿಂಗ್ ಮಾಡುವ ಗುಂಪಿರಬಹುದು, ಒಬ್ಬ ಹುಡುಗಿಯ ಫೋಟೊ ಹಂಚುವ ವಾಟ್ಸಾಪ್ ಗ್ರೂಪ್ ಇರಬಹುದು, ಯಾರನ್ನೋ ಹೊಡೆಯಲು ಹೊರಟ ಗೆಳೆಯರಿರಬಹುದು. ಅಲ್ಲಿ ನೀವು ಕೈ ಎತ್ತಿಲ್ಲದಿರಬಹುದು, ಸುಮ್ಮನೆ ನೋಡುತ್ತಾ ನಿಂತಿರಬಹುದು. ಆಗ ಹೇಳಲು ಒಬ್ಬರು ಬೇಕು. ಅಬ್ಬಾಗೆ ಹೇಳಿ, ಅಮ್ಮಿಗೆ ಹೇಳಿ, ನಂಬಿಕೆಯಿರುವ ಟೀಚರಿಗೆ ಹೇಳಿ, ಯಾರೂ ಕೇಳದಿದ್ದರೆ ಪೊಲೀಸರಿಗೆ ಫೋನ್ ಮಾಡಿ.

ದೊಡ್ಡವರಿಗೂ ಒಂದು ಮಾತು. ಮಗು ಬಂದು ಅಂಥದ್ದೇನಾದರೂ ಹೇಳಿದರೆ "ನಿನಗ್ಯಾಕೆ ಬೇಕು ಈ ಉಸಾಬರಿ" ಅನ್ನಬೇಡಿ. ಕೂರಿಸಿಕೊಂಡು ಪೂರ್ತಿ ಕೇಳಿ.